ತೀಜ್ ಕಿತ್ತ ಕೈ

ಕುಂಚಾವರಂ ಕಾಡಿನ ಅಂಚಿಗೆ ಒಂದು ತಾಂಡಾ, ಆ ತಾಂಡಾಕ್ಕೆ ಒಂದೇ ಕೋಣೆಯ ಶಾಲೆ, ಶಾಲೆಗೆ ಒಬ್ಬರೇ ಮಾಸ್ತರರು. ಹೆಸರು ಸಾಯಬಣ್ಣ, ಹುಟ್ಟಿದ ಊರು ಸೇಡಂ ಕಡೆಯ ಕುರಕುಂಟಾ. ಆದರೆ ಚಿಂಚೋಳಿ ತಾಲೂಕಿನ ಮಾಸ್ತರ ಮಂದಿ ಅವರನ್ನು ಕರೆಯುತ್ತಿದ್ದುದು ಹಬ್ಬದ ಮಾಸ್ತರ ಅಂತ. ಅದೇನು ಪುಕ್ಕಟೆ ಬಂದ ಹೆಸರಲ್ಲ. ಹಬ್ಬ ಯಾರದೇ ಇರಲಿ, ದೇವರದಿರಲಿ ಸರ್ಕಾರದ್ದಿರಲಿ, ಅವರ ಶಾಲೆಯಲ್ಲಿ ಅದಕ್ಕೊಂದು ಜಾಗ ಇರಲೇಬೇಕು. ರಂಜಾನ್ ಬಂದರೆ ಕುಂಚಾವರಂನ ಇಮಾಮ್ಬೀ ಮನೆಯಿಂದ ಸುರಕುಂಬಾ ಎಂಬ ಶಾವಿಗೆ ಪಾಯಸ ತರಿಸಿ ಮಕ್ಕಳಿಗೆ ಒಂದೊಂದು ಲೋಟ ಕುಡಿಸುವರು. ಎಳ್ಳಮಾಸಿಗೆ ಇಡೀ ಶಾಲೆಯನ್ನು ಹೊಲಕ್ಕೆ ಹೊಡೆದುಕೊಂಡು ಹೋಗಿ ಪೈರಿಗೆ ಎಡೆಯ ಚರಗ ಚೆಲ್ಲಿಸುವರು. ಬಸವ ಜಯಂತಿಗೆ ವಚನ, ನವೆಂಬರ್ ಒಂದಕ್ಕೆ ರಾಜ್ಯೋತ್ಸವ. ಮನೆಯಲ್ಲಿ ಲಂಬಾಣಿ ಮಾತು, ಸಂತೆಯಲ್ಲಿ ತೆಲುಗು ಆಡುವ ಮಕ್ಕಳು ಅವತ್ತು ಗಂಟಲು ಹರಿಯುವಂತೆ ಕನ್ನಡ ಹಾಡುತ್ತಿದ್ದರು. ಹಣೆಗೆ ಮೂರು ಬೆರಳ ವಿಭೂತಿ ಬಳಿದುಕೊಂಡ ಈ ಮನುಷ್ಯನಿಗೆ ಇಷ್ಟೊಂದು ಹಬ್ಬ ಯಾಕೆ ಬೇಕು ಎಂದು ನಗುವವರು ನಗುತ್ತಿದ್ದರು. ನಗಲಿ ಬಿಡಿ, ನಗುವವರಿಗೇನು ಕೆಲಸ.

ಇಷ್ಟೆಲ್ಲದರ ನಡುವೆ ಮಾಸ್ತರರಿಗೆ ಜೀವಕ್ಕಿಂತ ಹೆಚ್ಚಾದ ಹಬ್ಬವೆಂದರೆ ತಾಂಡಾದ ತೀಜ್. ಶ್ರಾವಣದಲ್ಲಿ ಮದುವೆಯಾಗದ ಹೆಣ್ಣುಮಕ್ಕಳು ಬುಟ್ಟಿಗೆ ಹುತ್ತದ ಮಣ್ಣು, ಗೊಬ್ಬರ ತುಂಬಿ ಗೋಧಿ ಬಿತ್ತುತ್ತಾರೆ. ತಾಂಡಾದ ಹಿರಿಯನಾದ ನಾಯಕನ ಮನೆಯ ಮುಂದೆ ಅಟ್ಟ ಕಟ್ಟಿ ಬುಟ್ಟಿಗಳನ್ನು ಅದರ ಮೇಲಿಟ್ಟು, ಹಾಡಿಕೊಂಡು ಹೋಗಿ ನೀರು ತಂದು ಹಾಕುತ್ತಾರೆ. ಒಂಬತ್ತನೆಯ ದಿನಕ್ಕೆ ಸಸಿ ಗೇಣುದ್ದ ಎದ್ದಿರುತ್ತದೆ. ಅಂದು ಅಣ್ಣತಮ್ಮಂದಿರು ಬಂದು ಅದನ್ನು ಕೀಳಬೇಕು. ಕೀಳುವಾಗ ಹುಡುಗಿಯರು ಅಳುತ್ತಾರೆ; ಆಟಕ್ಕಲ್ಲ, ಹೊಟ್ಟೆಯ ಕೂಸನ್ನು ಕಸಿದುಕೊಂಡರೆ ಹೇಗೆ ಅಳಬೇಕೋ ಹಾಗೆ. ತಲೆ ಹಿಡಿದು ಸಮಾಧಾನ ಮಾಡುವವನೂ ಅಣ್ಣನೇ. ಆಮೇಲೆ ಸಸಿಯನ್ನು ಹಿರಿಯರ ರುಮಾಲಿಗೆ ಸಿಕ್ಕಿಸಿ, ಉಳಿದದ್ದನ್ನು ಹಳ್ಳಕ್ಕೆ ಬಿಡುತ್ತಾರೆ. ಯಾವಳ ತೀಜನ್ನು ಯಾವನು ಕಿತ್ತನೋ ಅವನು ಅವಳ ಬೆನ್ನಿಗೆ ನಿಂತಂತೆ. ನಾಳೆ ಗಂಡನ ಮನೆಯಲ್ಲಿ ಅವಳಿಗೆ ಹೆಚ್ಚುಕಮ್ಮಿಯಾದರೆ ಮೊದಲು ಹೋಗಿ ಕೇಳಬೇಕಾದವನು ಅವನು.

ಆ ವರ್ಷ, ಅಂದರೆ ಎಪ್ಪತ್ತೊಂಬತ್ತರಲ್ಲಿ, ರತ್ನಾಬಾಯಿಗೆ ಅದು ಕಡೆಯ ತೀಜ್. ದೀಪಾವಳಿ ಕಳೆದರೆ ಮದುವೆ. ಮಾಸ್ತರರ ಕೈಯಲ್ಲಿ ಅಕ್ಷರ ತಿದ್ದಿ ನಾಲ್ಕನೆಯ ಇಯತ್ತೆ ಪಾಸಾದ ತಾಂಡಾದ ಮೊದಲ ಹುಡುಗಿ ಅವಳೇ. ತಂದೆ ಇಲ್ಲ, ಒಬ್ಬನೇ ಅಣ್ಣ ಸೋಮ್ಲಾ, ಶಹಾಬಾದಿನ ಫರಸಿ ಗಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ. ಎರಡು ವರ್ಷದಿಂದ ತೀಜಿಗೆ ಬಂದಿರಲಿಲ್ಲ. ಅವನ ಗುತ್ತೇದಾರ ದೇವರ ಹಬ್ಬಕ್ಕೆ ರಜೆ ಕೊಡುವ ಪೈಕಿಯಲ್ಲ, ಸರ್ಕಾರದ ಹಬ್ಬಕ್ಕೆ ಮಾತ್ರ, ಅದೂ ಹೆದರಿ ಕೊಡುವವನು. ಎರಡೂ ವರ್ಷ ನಾಯಕನ ಮಗ ರತ್ನಾಬಾಯಿಯ ತೀಜ್ ಕಿತ್ತಿದ್ದ. ಈ ಸಲ ನೋಡಿ, ತೀಜ್ ಕೀಳುವ ದಿನ ಸರಿಯಾಗಿ ಆಗಸ್ಟ್ ಹದಿನೈದಕ್ಕೆ ಬಂದು ಕೂತಿತು. ಸೋಮ್ಲಾ ಬರುತ್ತೇನೆಂದು ಹೇಳಿ ಕಳಿಸಿದ. ಬೆಳಿಗ್ಗೆ ಬಂದು, ತಂಗಿಯ ತೀಜ್ ಕಿತ್ತು, ಇಳಿಹೊತ್ತಿನ ಬಸ್ಸಿಗೆ ವಾಪಸು. ಮರುದಿನ ಕೆಲಸಕ್ಕೆ ನಿಲ್ಲದಿದ್ದರೆ ಅವನ ಜಾಗಕ್ಕೆ ಬೇರೆಯವನು ಬರುತ್ತಿದ್ದ. ರತ್ನಾಬಾಯಿ ಆ ಸುದ್ದಿ ಕೇಳಿದ ದಿನದಿಂದ ಮಾಸ್ತರರನ್ನು ಕಂಡಾಗಲೆಲ್ಲ, "ಈ ಸಲ ನಮ್ಮ ಅಣ್ಣನೇ ಕೀಳ್ತಾನ್ರಿ ಮಾಸ್ತರ" ಎನ್ನುತ್ತಿದ್ದಳು. ಅಷ್ಟು ಸಂತೋಷ ಅವಳಿಗೆ.

ಇಲ್ಲಿಗೆ ಬಿಟ್ಟಿದ್ದರೆ ಎಲ್ಲವೂ ಛಲೋ ಇತ್ತು. ಆದರೆ ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ನಮ್ಮ ಮಾಸ್ತರರು ಅದನ್ನೇ ಮಾಡಿದರು.

ಚಿಂಚೋಳಿಯಲ್ಲಿ ಸ್ವಾತಂತ್ರ್ಯ ದಿನಕ್ಕೆ ಆ ವರ್ಷ ಬೆಂಗಳೂರಿನಿಂದ ದೊಡ್ಡ ಅತಿಥಿಗಳೊಬ್ಬರು ಬರುವವರಿದ್ದರು. ಕಾರ್ಯಕ್ರಮದ ಉಸ್ತುವಾರಿ ಅಮೃತಪ್ಪನವರದು. ಅವರು ಮಾಸ್ತರರ ಮೇಲಧಿಕಾರಿ, ಒಳ್ಳೆಯವರೇ, ಆದರೆ ಎಲ್ಲದಕ್ಕೂ ಅವಸರ. ಮಾಸ್ತರರ ಸಭೆಯಲ್ಲಿ ಅವರು, "ಪ್ರತಿ ವರ್ಷ ಅದೇ ಲೇಜಿಮು, ಅದೇ ಕೋಲಾಟ. ಈ ಸಲ ಯಾರ ಹತ್ರ ಏನರೆ ಹೊಸಾದು ಅದ?" ಎಂದು ಕೇಳಿದರು. ಮಾಸ್ತರರಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ತೀಜಿನ ಕಥೆ ಹೇಳಿದರು. ಇಷ್ಟು ವರ್ಷ ತಾಂಡಾದ ಮಕ್ಕಳು ಆ ಮೈದಾನದಲ್ಲಿ ಕಡೆಯ ಸಾಲಿಗೆ ಕೂತು ಬೇರೆಯವರ ಆಟ ನೋಡಿ ಬಂದದ್ದು ಅವರಿಗೆ ಸಂಕಟವಿತ್ತು. ನಮ್ಮ ಮಕ್ಕಳ ಹಬ್ಬವನ್ನೂ ನಾಲ್ಕು ಮಂದಿ ನೋಡಲಿ, ಇದೂ ಈ ನಾಡಿನದೇ ಹಬ್ಬ ಅನ್ನಲಿ, ಇಷ್ಟೇ ಆಸೆ. ಆಸೆಯಲ್ಲಿ ತಪ್ಪೇನೂ ಇರಲಿಲ್ಲ.

ತಾಂಡಾದ ಹರ್ಯಾ ನಾಯಕ ಮೊದಲು ಒಪ್ಪಲಿಲ್ಲ. "ತೀಜ್ ತಾಂಡಾ ಬಿಟ್ಟು ಹೊರಗ ಹೋಗೂದಿಲ್ಲ ಮಾಸ್ತರ. ಅದೇನ್ ಸಂತಿ ಮಾಲೇನ್ರಿ?"

"ಒಂಬತ್ತನೇ ದಿನ ಹಳ್ಳಕ್ಕ ಒಯ್ತೀರಲ್ಲ ನಾಯಕರ? ಅವತ್ತೇ ಕರಕೊಂಡು ಹೋಗ್ತೀನಿ. ಮುಂಜಾನೆ ಹೋಗಿ, ಊಟದ ಹೊತ್ತಿಗೆ ಹೊಳ್ಳಿ ತರ್ತೀನಿ."

"ಸೋಮ್ಲಾ ಬರ್ತಾನ ಅವತ್ತ. ಮ್ಯಾಲಿನ ಹೊತ್ತಿಗೆ ಅವ ಹೊಂಡಬೇಕು."

"ಅವ ಬಂದು ಕುಂದ್ರೂದರೊಳಗ ನಾವು ಇಲ್ಲಿರ್ತೀವಿ. ನನಗ ಗೊತ್ತಿಲ್ಲೇನ್ರಿ?"

ನಾಯಕ ಚಿಲುಮೆಯ ಬೂದಿ ಕೊಡವಿದ. "ಒಯ್ಯರಿ. ಆದ್ರ ಒಂದು ಮಾತು. ಹೆಣ್ಣುಡುಗ್ಯಾರು ಬಿಟ್ಟು ಬ್ಯಾರೆ ಯಾರೂ ಅದನ್ನ ಮುಟ್ಟಬಾರದು."

"ಬಸವಣ್ಣನ ಆಣೆ, ಯಾರೂ ಮುಟ್ಟೂದಿಲ್ಲ" ಎಂದರು ಮಾಸ್ತರರು.

ಹದಿನೈದರ ಬೆಳಗು ಕೋಳಿ ಕೂಗುವ ಹೊತ್ತಿಗೇ ಅಮೃತಪ್ಪನವರು ಕಳಿಸಿದ ಟ್ರ್ಯಾಕ್ಟರ್ ಬಂದು ನಿಂತಿತ್ತು. ಏಳು ಹುಡುಗಿಯರು ಕನ್ನಡಿ ಹೊಲಿದ ಲಂಗ ಕುಪ್ಪಸ ತೊಟ್ಟು, ಬುಟ್ಟಿಗಳನ್ನು ಮಡಿಲಲ್ಲಿಟ್ಟುಕೊಂಡು ಟ್ರಾಲಿಯಲ್ಲಿ ಕೂತರು. ರತ್ನಾಬಾಯಿಯ ಸಸಿ ಎಲ್ಲರದಕ್ಕಿಂತ ಎತ್ತರ ಬೆಳೆದು ಎಳೆ ಹಳದಿಯಾಗಿ ಮಿಂಚುತ್ತಿತ್ತು. ಕೀಳುವ ತನಕ ಊಟವಿಲ್ಲ, ಆದರೂ ಹುಡುಗಿಯರು ದಾರಿಯುದ್ದಕ್ಕೂ ಹಾಡಿದರು. ಮಾಸ್ತರರೂ ಇಂಜಿನ್ನಿನ ಸದ್ದಿನಲ್ಲಿ ತಮಗೆ ಬಂದಷ್ಟು ಹಾಡಿದರು, ರಾಗದ ಮಾತು ಬೇಡ ಬಿಡಿ.

ಎಂಟು ಗಂಟೆಗೆ ಧ್ವಜ ಏರಿತು, ರಾಷ್ಟ್ರಗೀತೆ ಆಯಿತು. ಇನ್ನು ಕಾರ್ಯಕ್ರಮ ಅನ್ನುವಾಗ ಅಮೃತಪ್ಪನವರು ಬಂದು, "ಅತಿಥಿಗಳು ಜರಾ ತಡ ಆಗ್ತಾರಂತ. ಅವರು ಬಂದ ಮ್ಯಾಲೇ ಶುರು" ಎಂದರು. ಜರಾ ಎಂದರೆ ಎಷ್ಟು ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಹತ್ತು ಹೊಡೆಯಿತು, ಹನ್ನೊಂದು ಹೊಡೆಯಿತು. ಮೋಡ ಹರಿದು ಬಿಸಿಲು ಚುರುಗುಟ್ಟತೊಡಗಿತು. ಸಸಿಗಳು ತಲೆ ಬಾಗಿಸಿದವು. ರತ್ನಾಬಾಯಿ ತನ್ನ ಓಢಣಿಯನ್ನು ಬುಟ್ಟಿಗಳ ಮೇಲೆ ನೆರಳಾಗಿ ಹಿಡಿದು, ತಾನು ಬಿಸಿಲಿಗೆ ನಿಂತಳು. ಮಕ್ಕಳಿಗೆಲ್ಲ ಲಾಡು ಹಂಚಿದರು. ತಾಂಡಾದ ಹುಡುಗಿಯರು ಮುಟ್ಟಲಿಲ್ಲ.

ಮಾಸ್ತರರು ಅಮೃತಪ್ಪನವರ ಹಿಂದೆ ಬಿದ್ದರು. "ಸಾಹೇಬ್ರ, ನಾವು ಹೋಗ್ತೀವ್ರಿ. ಅಲ್ಲಿ ಹಬ್ಬ ನಿಂತದ. ಈ ಹುಡುಗಿ ಅಣ್ಣ ಬಂದು ಕಾಯ್ಲಿಕತ್ತಾನ."

"ಹುಚ್ಚೇನ್ರಿ ಮಾಸ್ತರ? ನಿಮ್ಮದೇ ಮೊದಲನೇ ಐಟಮ್ ಅದ. ಅತಿಥಿಗಳಿಗೆ ಫೋನಿನ್ಯಾಗ ಹೇಳೀವಿ, ಲಂಬಾಣಿ ಹಬ್ಬ ಅದ ಅಂತ. ನೀವು ಹೋದ್ರ ನನ್ನ ತಲಿ ಉಳೀತದೇನು?"

"ಮಾತು ಕೊಟ್ಟು ಬಂದೀನ್ರಿ."

"ನಾನೂ ಮಾತು ಕೊಟ್ಟೀನಿ. ಕುಂದ್ರಿ ಸುಮ್ಮ."

ಟ್ರ್ಯಾಕ್ಟರಿನವನನ್ನು ಹುಡುಕಿದರೆ ಅವನು ಅತಿಥಿಗಳಿಗೆ ಕುರ್ಚಿ ತರಲು ಹೋಗಿದ್ದ. ಬಸ್ಸಿಗೆ ಹೋಗೋಣವೆಂದರೆ ಬುಟ್ಟಿ ಹಿಡಿದ ಏಳು ಹೆಣ್ಣುಮಕ್ಕಳನ್ನು ಆ ಗದ್ದಲದ ಬಸ್ಸಿನಲ್ಲಿ ಯಾರು ಹತ್ತಿಸಿಕೊಳ್ಳುತ್ತಾರೆ? ನಡೆದು ಹೋಗುವ ಹಾದಿಯಲ್ಲ. ಮಾಸ್ತರರು ಗೇಟಿನ ತನಕ ಹೋಗಿ ನಿಂತು ವಾಪಸು ಬಂದರು. ಮತ್ತೆ ಹೋದರು, ಮತ್ತೆ ಬಂದರು. ರತ್ನಾಬಾಯಿ ಅವರ ಮುಖವನ್ನೇ ನೋಡುತ್ತಿದ್ದಳು. ಬೈದಿದ್ದರೆ ಎಷ್ಟೋ ಹಗುರ ಆಗುತ್ತಿತ್ತು.

ಅತಿಥಿಗಳು ಬಂದಾಗ ಎರಡು ದಾಟಿತ್ತು. ಹಾರ, ಸ್ವಾಗತ, ಅದು ಇದು ಮುಗಿದು ಅಮೃತಪ್ಪನವರು ಕೈ ಮಾಡಿದರು. ಹುಡುಗಿಯರು ವೇದಿಕೆ ಹತ್ತಿ ಸಾಲಾಗಿ ನಿಂತರು, ಮುಂದೆ ರತ್ನಾಬಾಯಿ. ಮಾಸ್ತರರ ಕೈಗೆ ಮೈಕು ಬಂತು. ಬೇಗ ಮುಗಿಸಿ ಓಡಬೇಕು ಅಂತಲೇ ಅವರು ಬಾಯಿ ತೆಗೆದದ್ದು. ಆದರೆ ಎದುರಿಗೆ ಇಡೀ ಚಿಂಚೋಳಿ ಕೂತಿದೆ. ಎಂದೂ ತಾಂಡಾದ ಕಡೆ ತಿರುಗಿ ನೋಡದ ಮಂದಿ ಕಣ್ಣು ಅರಳಿಸಿ ಬುಟ್ಟಿ ನೋಡುತ್ತಿದ್ದಾರೆ. ಮಾಸ್ತರರ ಎದೆ ಉಬ್ಬಿತು. ಹುತ್ತದ ಮಣ್ಣಿನಿಂದ ಹಿಡಿದು ಎಲ್ಲವನ್ನೂ ಹೇಳಿದರು. ಕಡೆಗೆ, "ಇಂದು ಒಂಬತ್ತನೆಯ ದಿನ. ಅಣ್ಣನಾದವನು ಇಂದು ತಂಗಿಯ ತೀಜನ್ನು ತನ್ನ ಕೈಯಾರೆ ಕೀಳುತ್ತಾನೆ, ಜೀವ ಇರುವ ತನಕ ಅವಳಿಗೆ ಆಸರೆಯಾಗುತ್ತಾನೆ. ಹಿರಿಯರ ರುಮಾಲಿಗೆ ಈ ಸಸಿಯನ್ನು ಮುಡಿಸುತ್ತಾರೆ" ಎಂದರು. ಎಷ್ಟು ಚಂದ ಹೇಳಿದರೆಂದರೆ ಸಭೆ ಚಪ್ಪಾಳೆ ತಟ್ಟಿತು.

ಅತಿಥಿಗಳು ಸಭೆ ನೋಡಿ ಪಳಗಿದವರು. ಕುರ್ಚಿಯಿಂದ ಎದ್ದು ಬಂದರು. ಮಾಸ್ತರರ ಕೈಯಿಂದ ಮೈಕು ತಮ್ಮ ಕಡೆ ಎಳೆದುಕೊಂಡು, "ಈ ತಾಲೂಕಿನ ಹೆಣ್ಣುಮಕ್ಕಳಿಗೆಲ್ಲ ನಾನೂ ಒಬ್ಬ ಅಣ್ಣನೇ" ಎಂದರು. ಮೈದಾನ ಮತ್ತೆ ಗುಡುಗಿತು. ಅವರು ರತ್ನಾಬಾಯಿಯ ಬುಟ್ಟಿಗೆ ಕೈ ಚಾಚಿದರು.

ರತ್ನಾಬಾಯಿ ಬುಟ್ಟಿಯನ್ನು ಎದೆಗೆ ಅಪ್ಪಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಹಿಂದಿನಿಂದ ಅಮೃತಪ್ಪನವರು, "ಕೊಡವ್ವ, ನಾಚಕೋಬ್ಯಾಡ. ಸಾಹೇಬ್ರು ಕೇಳಾಕತ್ತಾರ" ಎಂದು ಬೆನ್ನ ಮೇಲೆ ಕೈ ಇಟ್ಟು ಮುಂದೆ ದೂಡಿದರು. ಅವಳು ಮಾಸ್ತರರ ಕಡೆ ನೋಡಿದಳು.

ಒಂದು ಮಾತು ಸಾಕಿತ್ತು. ಬೇಡ ಸಾಹೇಬರೆ, ಅದು ಅವಳ ಅಣ್ಣನಿಗೆ ಇಟ್ಟದ್ದು. ಮಾಸ್ತರರ ನಾಲಗೆಯ ತುದಿಗೆ ಅದು ಬಂದೂ ಇತ್ತು. "ಸಾಹೇಬ್ರ, ಅದು..." ಎಂದರು. ಮೈಕು ಈಗ ಅವರ ಬಾಯ ಮುಂದೆ ಇರಲಿಲ್ಲ. ಚಪ್ಪಾಳೆಯಲ್ಲಿ ಆ ಎರಡು ಮಾತು ಅವರಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಕೂಗಬಹುದಿತ್ತು, ಕೈ ಹಿಡಿಯಬಹುದಿತ್ತು. ಅತಿಥಿಗಳ ಕೈ ಹಿಡಿದ ಮಾಸ್ತರನ ಗತಿ ಏನು, ಸಭೆ ಏನು ಅಂದೀತು, ಅಮೃತಪ್ಪ ಏನು ಮಾಡಿಯಾರು, ಇವೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ತಲೆಯಲ್ಲಿ ಓಡಿದವು. ಅಷ್ಟರೊಳಗೆ ಕೈ ಬುಟ್ಟಿಯೊಳಗೆ ಹೋಗಿಯಾಗಿತ್ತು. ಒಂದು ಹಿಡಿ ಸಸಿ ಬೇರುಸಮೇತ ಬಂತು. ಅತಿಥಿಗಳು ಅದನ್ನು ಟೊಪ್ಪಿಗೆಗೆ ಸಿಕ್ಕಿಸಿಕೊಂಡು ನಕ್ಕರು. ಫೋಟೋದವನು ಓಡಿ ಬಂದು, ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಈ ಕಡೆ ತಿರುಗಿ ಎಂದ. ಅವರು ಈ ಕಡೆ ತಿರುಗಿ ಉಳಿದದ್ದನ್ನೂ ಕಿತ್ತು ಪಕ್ಕದವರಿಗೆ, ಹಿಂದಿನವರಿಗೆ ಹಂಚಿದರು.

ರತ್ನಾಬಾಯಿ ಅತ್ತಳು. ಬುಟ್ಟಿಯ ಮೇಲೆ ಬಾಗಿ, ತಾಂಡಾದ ಹೆಂಗಸರು ಅಳುವ ಹಾಗೆ ದನಿ ತೆಗೆದು ಅತ್ತಳು. ಅವಳನ್ನು ನೋಡಿ ಮಿಕ್ಕ ಆರು ಹುಡುಗಿಯರೂ ಅವಳ ಕೊರಳಿಗೆ ಬಿದ್ದು ಅತ್ತರು. ಅತಿಥಿಗಳು ಸಭೆಗೆ ಕೈ ಮುಗಿಯುತ್ತಿದ್ದರು. ಅವಳ ತಲೆ ಹಿಡಿಯುವವರು ಯಾರೂ ಇರಲಿಲ್ಲ. ಮೈದಾನದ ಮಂದಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿ ಯಾರೋ ಒಬ್ಬ ಹೆಣ್ಣುಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಮೃತಪ್ಪನವರು ಮಾಸ್ತರರ ಕಿವಿಯ ಹತ್ತಿರ ಬಂದು, "ಭಾಳ ಛಲೋ ಕಲಿಸೀರಿ ಮಾಸ್ತರ. ಖರೇನೇ ಅಳ್ಳಿಕತ್ತಾರೇನೋ ಅನಸ್ತದ" ಎಂದರು.

ಮಾಸ್ತರರಿಗೆ ವೇದಿಕೆ ಬಾಯಿ ತೆರೆದು ನುಂಗಬಾರದೇ ಅನ್ನಿಸಿತು. ಅದೇನೂ ನುಂಗಲಿಲ್ಲ. ಅವರು ಹುಡುಗಿಯರನ್ನು ಕೆಳಗಿಳಿಸಿಕೊಂಡು ಬಂದು, ನೀರು ಕೊಟ್ಟು, ಟ್ರ್ಯಾಕ್ಟರಿಗಾಗಿ ಮತ್ತೆ ಕಾದರು. ಕಾರ್ಯಕ್ರಮ ಮುಗಿದು, ಅತಿಥಿಗಳ ಕಾರು ಹೋದ ಮೇಲೆಯೇ ಟ್ರ್ಯಾಕ್ಟರ್ ಬಿಟ್ಟುಕೊಟ್ಟರು. ವಾಪಸು ದಾರಿಯಲ್ಲಿ ಯಾರೂ ಹಾಡಲಿಲ್ಲ. ರತ್ನಾಬಾಯಿ ಬರೀ ಮಣ್ಣಿನ ಬುಟ್ಟಿಯನ್ನು ಬೆಳಿಗ್ಗೆಯಂತೆಯೇ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಾಸ್ತರರು ಒಮ್ಮೆ, "ರತ್ನಾ, ನಾ ಏನ್ ಮಾಡ್ಲಿ ಹೇಳವ್ವ" ಎಂದರು. ಅವಳು, "ನೀವೇನ್ ಮಾಡ್ತೀರಿ ಮಾಸ್ತರ" ಎಂದಳು. ಚುಚ್ಚಿ ಆಡಿದ ಮಾತಲ್ಲ, ಹಾಗೇ ಅಂದದ್ದು. ಮಾಸ್ತರರಿಗೆ ಅದನ್ನೇ ತಡೆಯಲಾಗಲಿಲ್ಲ.

ಸೋಮ್ಲಾ ಹೊರಟು ಹೋಗಿರಲಿ ಎಂದು ಮಾಸ್ತರರು ದಾರಿಯುದ್ದಕ್ಕೂ ಬೇಡಿಕೊಂಡರು. ಎಂಥ ಬೇಡಿಕೆ ನೋಡಿ. ಬೆಳಿಗ್ಗೆ ಯಾವನು ಬರಲಿ ಎಂದು ಹಾರೈಸಿದ್ದರೋ, ಅವನು ಸಂಜೆ ಅಲ್ಲಿ ಇಲ್ಲದಿರಲಿ ಎಂದು ಹಾರೈಸುವ ಹಾಗಾಯಿತು.

ಸೋಮ್ಲಾ ಹೋಗಿರಲಿಲ್ಲ. ಬಸ್ಸು ಬಿಟ್ಟು, ಕೆಲಸದ ಆಸೆಯನ್ನೂ ಬಿಟ್ಟು, ನಾಯಕನ ಮನೆ ಮುಂದಿನ ಬರಿದಾದ ಅಟ್ಟದ ಹತ್ತಿರ ಕಾದಿದ್ದ. ತಲೆಗೆ ಹೊಸ ರುಮಾಲು, ಕೈತುಂಬ ಕಲ್ಲು ಒಡೆದ ಗಾಯ. ಹೊತ್ತು ಮುಳುಗಲು ಇನ್ನು ಸ್ವಲ್ಪವೇ ಉಳಿದಿತ್ತು. ಟ್ರಾಲಿ ನಿಂತೊಡನೆ ಹುಡುಗಿಯರು ಇಳಿದರು, ಅಣ್ಣತಮ್ಮಂದಿರು ತಡಮಾಡದೆ ತಮ್ಮ ತಮ್ಮ ತಂಗಿಯರ ಬುಟ್ಟಿಗೆ ಕೈಹಾಕಿದರು, ಅಳುವಿನ ಹಾಡು ಎದ್ದಿತು. ಸೋಮ್ಲಾ ತಂಗಿಯ ಮುಂದೆ ಮೊಣಕಾಲೂರಿ ಕೂತು ಬುಟ್ಟಿಯ ಒಳಗೆ ನೋಡಿದ. ನೋಡಿ ಮುಖ ಎತ್ತಿದ.

ಮಾಸ್ತರರೇ ಹೇಳಿದರು. ಮುಚ್ಚುಮರೆಯಿಲ್ಲದೆ, ಯಾರು ಕಿತ್ತರು, ತಾವು ಎಲ್ಲಿ ನಿಂತಿದ್ದರು, ಎಲ್ಲ ಹೇಳಿದರು. ಹರ್ಯಾ ನಾಯಕ ಕೇಳಿ ಬೈಯಲಿಲ್ಲ. "ಕಿತ್ತವನು ಅಣ್ಣ. ಅದು ಆಗಿಹೋತು. ಮತ್ತ ಕೀಳಾಕ ಬರೂದಿಲ್ಲ" ಎಂದಷ್ಟೇ ಹೇಳಿ ತನ್ನ ಮನೆಯ ಕಡೆ ತಿರುಗಿದ.

"ಮಾಸ್ತರ" ಎಂದ ಸೋಮ್ಲಾ. "ನಾಳಿ ಈಕಿ ಗಂಡ ಈಕಿಗೆ ಹೊಡದ್ರ, ಆ ಸಾಹೇಬ ಬರ್ತಾನೇನ್ರಿ?"



ಸೋಮ್ಲಾ ಬುಟ್ಟಿಯ ಮಣ್ಣಿನಲ್ಲಿ ಬೆರಳಾಡಿಸಿದ. ಎಲ್ಲಿಯಾದರೂ ಒಂದು ಎಸಳು ಉಳಿದಿದ್ದೀತು ಎಂದು ಮೂಲೆ ಮೂಲೆ ಕೆದಕಿದ. ಬರೀ ಕಡಿದುಹೋದ ಬೇರು ಸಿಕ್ಕವು. ಅವನ್ನೇ ಹಿಡಿದುಕೊಂಡು ತಂಗಿಯ ಮುಂದೆ ಕೈ ಒಡ್ಡಿದ. ಸುತ್ತ ಉಳಿದ ಹುಡುಗಿಯರು ತಮ್ಮ ತಮ್ಮ ಅಣ್ಣಂದಿರ ಎದೆಗೆ ಒರಗಿ ಅಳುತ್ತಿದ್ದರು. ಅವನೂ ತಂಗಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕಾದ. ಅವಳು ಅಳಬೇಕು, ತಾನು ಸಮಾಧಾನ ಮಾಡಬೇಕು. ಅಷ್ಟಾದರೂ ಆಗಲಿ ಎಂದು ಮಾಸ್ತರರೂ ಹಾರೈಸಿದರು.

ರತ್ನಾಬಾಯಿ ಅಳುವಿನ ಹಾಡಿಗೆ ದನಿ ತೆಗೆದಳು. ಎರಡು ಸಲ ತೆಗೆದಳು, ಎರಡು ಸಲವೂ ನಡುವೆಯೇ ನಿಂತಿತು. ಅಣ್ಣನ ಕೈಗಳ ನಡುವಿನಿಂದ ಮಾಸ್ತರರ ಕಡೆ ಮುಖ ತಿರುಗಿಸಿ, ಅಣ್ಣನಿಗೆ ಕೇಳಿಸದಂತೆ ಸಣ್ಣ ದನಿಯಲ್ಲಿ, ಮಾಸ್ತರರೇ ಕಲಿಸಿದ ಕನ್ನಡದಲ್ಲಿ ಹೇಳಿದಳು:

"ಮಾಸ್ತರ, ಅಳು ಬರವಲ್ದು. ಎಲ್ಲಾ ಅಲ್ಲೇ ಅತ್ತು ಬಂದೀನಿ."